ಚಕ್ರವರ್ತಿಯ ಗಾಡಿಯೇರಿದ ಸಭೆ

ಕ್ರಿ.ಶ. 303ರ ಮೇ 19ರಂದು ಉತ್ತರ ಆಫ್ರಿಕದ ಕಿರ್ಟಾ ಎಂಬ ಊರಿನಲ್ಲಿ, ನಗರಾಡಳಿತದ ಮುಖ್ಯಸ್ಥ ಮುನಾಟಿಯಸ್ ಫೆಲಿಕ್ಸ್ ತನ್ನ ಗುಮಾಸ್ತರನ್ನು ಕರೆದುಕೊಂಡು ಕ್ರೈಸ್ತರು ಕೂಡುತ್ತಿದ್ದ ಮನೆಗೆ ಬಂದ. ಚರ್ಚುಗಳನ್ನು ಕೆಡವಬೇಕು, ಕ್ರೈಸ್ತರ ಪವಿತ್ರಗ್ರಂಥಗಳನ್ನು ವಶಪಡಿಸಿಕೊಂಡು ಸುಡಬೇಕು ಎಂಬ ಡಯೋಕ್ಲೀಷಿಯನ್ ಚಕ್ರವರ್ತಿಯ ಆಜ್ಞೆ ಅದೇ ವರ್ಷದ ಫೆಬ್ರುವರಿಯಲ್ಲಿ ಹೊರಟಿತ್ತು. ಆ ಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ಗುಮಾಸ್ತರು ಒಂದೊಂದಾಗಿ ಪಟ್ಟಿ ಮಾಡಿದರು. ಚಿನ್ನದ ಪಾನಪಾತ್ರೆ 2, ಬೆಳ್ಳಿಯ ಪಾನಪಾತ್ರೆ 6, ಬೆಳ್ಳಿಯ ಹೂಜಿ 6, ಬೆಳ್ಳಿಯ ದೀಪ 7, ಹೆಂಗಸರ ನಿಲುವಂಗಿ 82, ಗಂಡಸರ ನಿಲುವಂಗಿ 16, ಗಂಡಸರ ಪಾದರಕ್ಷೆ 13 ಜೊತೆ, ಹೆಂಗಸರ ಪಾದರಕ್ಷೆ 47 ಜೊತೆ. ಬಟ್ಟೆ ಮತ್ತು ಪಾದರಕ್ಷೆಗಳು ಊರಿನ ಬಡವರಿಗೆ ಕೊಡಲೆಂದು ಕೂಡಿಟ್ಟವು ಇರಬೇಕು. ಪುಸ್ತಕದ ಕಪಾಟುಗಳು ಮಾತ್ರ ಬರಿದಾಗಿದ್ದವು.

ಪುಸ್ತಕಗಳು ವಾಚಕರ, ಅಂದರೆ ಆರಾಧನೆಯಲ್ಲಿ ಗ್ರಂಥ ಓದುವವರ, ಮನೆಯಲ್ಲಿವೆ ಎಂದು ಬಿಷಪ್ ಪೌಲ್ ಹೇಳಿದ. ವಾಚಕರು ಯಾರು, ಅವರ ಹೆಸರು ಹೇಳಿ ಎಂದು ಕೇಳಿದಾಗ ಇಬ್ಬರು ಕಿರಿಯ ಸಭಾಸೇವಕರು, ನಾವು ಹಿಡಿದುಕೊಡುವವರಲ್ಲ, ಇಗೋ ಇಲ್ಲಿದ್ದೇವೆ, ಬೇಕಾದರೆ ನಮ್ಮನ್ನು ಕೊಲ್ಲಿಸಿ ಎಂದರು. ಅವರನ್ನು ಬಂಧಿಸಲಾಯಿತು. ಆದರೆ ಹೆಸರು ಹೇಳಲು ಬೇರೆಯವರು ಸಿಕ್ಕರು. ಫೆಲಿಕ್ಸ್ ಮನೆಯಿಂದ ಮನೆಗೆ ನಡೆದ. ಶಾಲೆಯ ಮೇಷ್ಟರಾಗಿದ್ದ ವಿಕ್ಟರ್ ಎಂಬಾತ ಎರಡು ಪುಸ್ತಕಗಳನ್ನೂ ಬಿಡಿ ಹಾಳೆಗಳ ನಾಲ್ಕು ಕಟ್ಟುಗಳನ್ನೂ ತಂದುಕೊಟ್ಟ. ಇನ್ನೊಬ್ಬ ವಾಚಕ ಮನೆಯಲ್ಲಿರಲಿಲ್ಲ. ಅವನ ಹೆಂಡತಿ ಆರು ಪುಸ್ತಕಗಳನ್ನು ತಂದು ಒಪ್ಪಿಸಿದಳು.

ಈ ಘಟನೆ ನಡೆದು ಮೂವತ್ತು ವರ್ಷ ತುಂಬುವ ಮೊದಲೇ, ಸುಮಾರು 331ರಲ್ಲಿ, ಪ್ಯಾಲೆಸ್ಟೈನಿನ ಕೈಸರೇಯದ ಬಿಷಪ್ ಯೂಸೆಬಿಯಸ್‌ಗೆ ಇನ್ನೊಬ್ಬ ರೋಮನ್ ಚಕ್ರವರ್ತಿಯಿಂದ ಒಂದು ಪತ್ರ ಬಂತು. ತನ್ನ ಹೊಸ ರಾಜಧಾನಿ ಕಾನ್‌ಸ್ಟಾಂಟಿನೋಪಲಿನ ಚರ್ಚುಗಳಿಗಾಗಿ ಪವಿತ್ರಗ್ರಂಥದ 50 ಪ್ರತಿಗಳು ಬೇಕು, ಹದಮಾಡಿದ ಒಳ್ಳೆಯ ಚರ್ಮದ ಹಾಳೆಗಳ ಮೇಲೆ, ಸುಲಭವಾಗಿ ಓದಲು ಬರುವಂತೆ, ಪಳಗಿದ ಲಿಪಿಕಾರರಿಂದ ಬರೆಸಿ. ಖರ್ಚುವೆಚ್ಚಕ್ಕೆ ಪ್ರಾಂತ್ಯದ ಹಣಕಾಸು ಅಧಿಕಾರಿಗೆ ತಿಳಿಸಲಾಗಿದೆ. ಸಾಗಿಸಲು ಎರಡು ಸರ್ಕಾರಿ ಗಾಡಿಗಳನ್ನು ಬಳಸಿಕೊಂಡು ನಿಮ್ಮ ಸಭಾಸೇವಕರಲ್ಲೊಬ್ಬನನ್ನು ಜೊತೆಗೆ ಕಳಿಸಿ ಎಂದು ಅದರಲ್ಲಿತ್ತು. ಬರೆದವನು ಕಾನ್‌ಸ್ಟಂಟೈನ್.

ಈ ಎರಡು ದೃಶ್ಯಗಳ ನಡುವೆ ಏನಾಯಿತು ಎಂಬುದು ನನ್ನನ್ನು ಬಹಳ ವರ್ಷಗಳಿಂದ ಕಾಡಿದೆ. ಭಾನುವಾರ ಚರ್ಚಿನಲ್ಲಿ ನಮ್ಮ ಸಭೆಯವರೊಡನೆ ಎದ್ದು ನಿಂತು ನೈಸೀಯ ವಿಶ್ವಾಸ ಪ್ರಮಾಣವನ್ನು ಕನ್ನಡದಲ್ಲಿ ಹೇಳುವಾಗಲೆಲ್ಲ, ಈ ಮಾತುಗಳ ಮೊದಲ ರೂಪ ಒಬ್ಬ ಚಕ್ರವರ್ತಿಯ ಅರಮನೆಯ ಸಭಾಂಗಣದಲ್ಲಿ ಸಿದ್ಧವಾಯಿತು ಎಂಬ ನೆನಪು ನನ್ನ ಪಕ್ಕದಲ್ಲೇ ನಿಂತಿರುತ್ತದೆ. 2025ರಲ್ಲಿ, ಅದನ್ನು ಸಿದ್ಧಪಡಿಸಿದ ನೈಸಿಯಾದ ಬಿಷಪ್ಪರ ಪರಿಷತ್ತಿಗೆ 1700 ವರ್ಷ ತುಂಬಿತು. ಕಾನ್‌ಸ್ಟಂಟೈನನು ಕ್ರೈಸ್ತ ಸಭೆಯನ್ನು ಕೊಂಡುಕೊಂಡ ಎಂದು ಕೆಲವರೂ, ದೇವರೇ ಅವನನ್ನು ಸಭೆಯ ಬಿಡುಗಡೆಗೆ ಕಳಿಸಿದ ಎಂದು ಕೆಲವರೂ ಹೇಳುವುದನ್ನು ಕೇಳಿದ್ದೇನೆ. ನನಗೆ ಕಾಣುವುದು ಇವೆರಡಕ್ಕಿಂತ ಬೇರೆ. ಅವನು ಬಾಗಿಲು ಒಡೆದುಕೊಂಡು ಒಳಗೆ ಬರಲಿಲ್ಲ. ಒಳಗಿದ್ದವರೇ ತಮ್ಮ ವ್ಯಾಜ್ಯ ತೀರಿಸಲು ಅವನನ್ನು ಕರೆದರು, ಮತ್ತು ಹಾಗೆ ಕರೆಯುವ ಸಂದರ್ಭ ಹುಟ್ಟಿದ್ದು ಅವನು ಕೈಬಿಚ್ಚಿ ಕೊಟ್ಟ ದಾನದಿಂದ.

312ರ ಅಕ್ಟೋಬರ್ 28ರಂದು ರೋಮ್ ನಗರದ ಹೊರಗೆ ಮಿಲ್ವಿಯನ್ ಸೇತುವೆಯ ಬಳಿ ಕಾನ್‌ಸ್ಟಂಟೈನ್ ತನ್ನ ಎದುರಾಳಿ ಮ್ಯಾಕ್ಸೆಂಟಿಯಸ್‌ನನ್ನು ಸೋಲಿಸಿದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. ಕನಸಿನಲ್ಲಿ ಬಂದ ಅಪ್ಪಣೆಯಂತೆ ಸೈನಿಕರ ಗುರಾಣಿಗಳ ಮೇಲೆ ಕ್ರಿಸ್ತನ ಗುರುತು ಬರೆಸಿದನೆಂದು ಆ ಕಾಲದ ಕ್ರೈಸ್ತ ಲೇಖಕ ಲ್ಯಾಕ್ಟಾಂಟಿಯಸ್ ಬರೆದಿದ್ದಾನೆ. ಹಗಲಿನ ಆಕಾಶದಲ್ಲಿ ಬೆಳಕಿನ ಶಿಲುಬೆ ಕಂಡಿತೆಂದು ಯೂಸೆಬಿಯಸ್ ಅನಂತರ ಬರೆದ. ಅವನ ನಾಣ್ಯಗಳ ಮೇಲೆ ಸೂರ್ಯದೇವನ ಚಿತ್ರ ಇನ್ನೂ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಮುಂದುವರಿದದ್ದೂ ನಿಜ. ಅವನ ನಂಬಿಕೆ ಪ್ರಾಮಾಣಿಕವೋ ರಾಜಕೀಯವೋ ಎಂಬ ಪ್ರಶ್ನೆಯಲ್ಲಿ ನನಗೆ ಹೆಚ್ಚು ಆಸಕ್ತಿಯಿಲ್ಲ, ಏಕೆಂದರೆ ದೇವತೆಗಳ ಕೃಪೆಯನ್ನು ರಾಜ್ಯದ ಮೇಲೆ ಉಳಿಸಿಕೊಳ್ಳುವುದೇ ಅರಸನ ಮೊದಲ ಕೆಲಸವೆಂದು ನಂಬಿದ್ದ ರೋಮನ್ನರಲ್ಲಿ ಈ ಎರಡನ್ನೂ ಬೇರೆ ಮಾಡಿ ನೋಡುವ ಅಭ್ಯಾಸವೇ ಇರಲಿಲ್ಲ. ಈಗ ಅವನಿಗೆ ಕೃಪೆ ತೋರಿದವನು ಕ್ರೈಸ್ತರ ದೇವರು. ಆದ್ದರಿಂದ ಆ ದೇವರ ಪೂಜೆ ಜಗಳವಿಲ್ಲದೆ, ಕ್ರಮವಾಗಿ ನಡೆಯಬೇಕಾಗಿತ್ತು.

313ರ ಫೆಬ್ರುವರಿಯಲ್ಲಿ ಮಿಲಾನಿನಲ್ಲಿ ಅವನೂ ಪೂರ್ವಭಾಗದ ಅರಸ ಲಿಸಿನಿಯಸ್‌ನೂ ಸೇರಿ, ಪ್ರತಿಯೊಬ್ಬರೂ ತಮಗೆ ಬೇಕಾದ ಧರ್ಮವನ್ನು ಅನುಸರಿಸಬಹುದು, ಕ್ರೈಸ್ತರಿಂದ ಕಸಿದ ಸ್ಥಳಗಳನ್ನು ಹಿಂದಿರುಗಿಸಬೇಕು ಎಂದು ಒಪ್ಪಿದರು. ಅವನು ಕ್ರೈಸ್ತಧರ್ಮವನ್ನು ಸಾಮ್ರಾಜ್ಯದ ಅಧಿಕೃತ ಧರ್ಮ ಮಾಡಿದನೆಂಬುದು ತಪ್ಪು ತಿಳಿವಳಿಕೆ. ಆ ಹಾದಿಯ ಆಜ್ಞೆ ಬಂದದ್ದು 380ರಲ್ಲಿ, ಥಿಯೋಡೋಸಿಯಸ್‌ನಿಂದ. ಕಾನ್‌ಸ್ಟಂಟೈನ್ ಮಾಡಿದ್ದು ಬೇರೆ. ಕಾರ್ಥೇಜಿನ ಬಿಷಪ್ ಕೆಸಿಲಿಯಾನಸ್‌ಗೆ ಪತ್ರ ಬರೆದು, ಆಫ್ರಿಕದ ಹಣಕಾಸು ಅಧಿಕಾರಿ ಊರ್ಸಸ್‌ನ ಮೂಲಕ 3,000 ಫೋಲಿಸ್ ಹಣವನ್ನು ಸಭೆಯ ಸೇವಕರಿಗೆ ಹಂಚಲು ಕೊಡಿಸಿದ. ಪ್ರಾಂತ್ಯಾಧಿಕಾರಿ ಅನುಲಿನಸ್‌ಗೆ ಇನ್ನೊಂದು ಪತ್ರ ಬರೆದು, ಕೆಸಿಲಿಯಾನಸ್ ಮುಖ್ಯಸ್ಥನಾಗಿರುವ ಸಭೆಯ ಪಾದ್ರಿಗಳಿಗೆ ಊರಿನ ಸಾರ್ವಜನಿಕ ಹೊಣೆಗಳಿಂದ ವಿನಾಯಿತಿ ಕೊಟ್ಟ. ಆ ಕಾಲದಲ್ಲಿ ಪಟ್ಟಣದ ಅನುಕೂಲಸ್ಥರು ತೆರಿಗೆ ವಸೂಲಿಯಂಥ ಕೆಲಸಗಳನ್ನು ತಮ್ಮ ಆಸ್ತಿಯ ಹೊಣೆಯ ಮೇಲೆ ಮಾಡಬೇಕಿತ್ತು. ಅದರಿಂದ ಪಾರಾಗುವುದು ಸಣ್ಣ ಉಪಕಾರವಾಗಿರಲಿಲ್ಲ.

ಆದರೆ ಕಾರ್ಥೇಜಿನಲ್ಲಿ ಆಗ ಎರಡು ಸಭೆಗಳಿದ್ದವು. ಕೆಸಿಲಿಯಾನಸ್‌ಗೆ ತಲೆಯ ಮೇಲೆ ಕೈಯಿಟ್ಟು ಬಿಷಪ್ ಪದವಿ ಕೊಟ್ಟವನು ಆಪ್ಟುಂಗಿ ಊರಿನ ಬಿಷಪ್ ಫೆಲಿಕ್ಸ್ (ಕಿರ್ಟಾದ ಫೆಲಿಕ್ಸ್ ಅಲ್ಲ). ಇವನು ಹಿಂಸೆಯ ಕಾಲದಲ್ಲಿ ಪವಿತ್ರಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದವನು, ಆದ್ದರಿಂದ ಅವನ ಕೈಯಿಂದ ಆದ ನೇಮಕ ನೇಮಕವೇ ಅಲ್ಲ ಎಂದು ಪಕ್ಕದ ನುಮಿಡಿಯ ಪ್ರಾಂತ್ಯದ ಬಿಷಪ್ಪರು ಬೇರೊಬ್ಬನನ್ನು ನೇಮಿಸಿದ್ದರು. ಲೂಸಿಲ್ಲಾ ಎಂಬ ಶ್ರೀಮಂತ ಮಹಿಳೆಯ ಹಳೆಯ ಮುನಿಸೂ ಇದರಲ್ಲಿ ಸೇರಿತ್ತು. ಪ್ರಭು ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಮೊದಲು, ನಂಬಿಕೆಗಾಗಿ ಪ್ರಾಣಕೊಟ್ಟ ಒಬ್ಬ ರಕ್ತಸಾಕ್ಷಿಯ ಎಲುಬಿಗೆ ಮುತ್ತಿಡುವ ರೂಢಿ ಆಕೆಗಿತ್ತು. ಕೆಸಿಲಿಯಾನಸ್ ಹಿಂದೊಮ್ಮೆ ಅದಕ್ಕಾಗಿ ಆಕೆಯನ್ನು ಗದರಿಸಿದ್ದ. ಹೊಸದಾಗಿ ನೇಮಕವಾದವನು ಆಕೆಯ ಮನೆಯ ಆಶ್ರಿತ. ಅವನ ನಂತರ ಆ ಪಕ್ಷದ ನಾಯಕನಾದವನು ಡೊನಾಟಸ್. ಅವನ ಹೆಸರೇ ಪಕ್ಷಕ್ಕೆ ನಿಂತಿತು.

ಊರೊಳಗಿನ ಇಂಥ ಒಡಕನ್ನು ಸಭೆಗಳು ಹಿಂದೆಯೂ ಕಂಡಿದ್ದವು. ಒಬ್ಬರನ್ನೊಬ್ಬರು ಬಹಿಷ್ಕರಿಸಿ, ದೂರದ ಬಿಷಪ್ಪರಿಗೆ ಪತ್ರ ಬರೆದು, ವರ್ಷಗಟ್ಟಲೆ ಎಳೆದಾಡಿ ಹೇಗೋ ನಿಭಾಯಿಸುತ್ತಿದ್ದರು. ಈಗ ಬೊಕ್ಕಸದ ಹಣ ಬಂದಿತ್ತು, ವಿನಾಯಿತಿ ಬಂದಿತ್ತು, ಅವು ಒಂದು ಪಕ್ಷಕ್ಕೆ ಮಾತ್ರ ಸಲ್ಲುತ್ತಿದ್ದವು. ಯಾರು ನಿಜವಾದ ಸಭೆ ಎಂದು ತಿಳಿಯದೆ ಸರ್ಕಾರ ದಾನ ಕೊಡಲಾರದು. ಹೀಗೆ ಕೊಡುವ ಕೈಗೆ ತೀರ್ಪಿನ ಅಧಿಕಾರ ತಾನಾಗಿಯೇ ಬಂತು. 313ರ ಏಪ್ರಿಲ್ 15ರಂದು ಅನುಲಿನಸ್ ಚಕ್ರವರ್ತಿಗೆ ಬರೆದ ವರದಿಯಲ್ಲಿ, ಕೆಸಿಲಿಯಾನಸ್‌ನ ವಿರೋಧಿಗಳು ಗುಂಪು ಕಟ್ಟಿಕೊಂಡು ಬಂದು ತಮ್ಮ ದೂರಿನ ಪತ್ರಗಳನ್ನು ಚಕ್ರವರ್ತಿಗೆ ತಲುಪಿಸುವಂತೆ ಒಪ್ಪಿಸಿ ಹೋದರೆಂದು ತಿಳಿಸಿದ್ದಾನೆ. ಗಾಲ್ (ಇಂದಿನ ಫ್ರಾನ್ಸ್) ಪ್ರಾಂತ್ಯದಿಂದ ನ್ಯಾಯ ಹೇಳುವವರನ್ನು ಕಳಿಸಿ ಎಂಬುದು ಅವರ ಬೇಡಿಕೆ. ಇಡೀ ಚರಿತ್ರೆಯಲ್ಲಿ ನಾನು ಬೆರಳಿಟ್ಟು ತೋರಿಸುವ ಜಾಗ ಇದು. ಕ್ರೈಸ್ತರು ತಮ್ಮ ಬಿಷಪ್ ಯಾರೆಂಬುದನ್ನು ನಿರ್ಧರಿಸಿಕೊಡಿ ಎಂದು, ಕ್ರೈಸ್ತ ಸಭೆಗೆ ಸೇರಿಸುವ ದೀಕ್ಷಾಸ್ನಾನವನ್ನೇ ಇನ್ನೂ ಪಡೆಯದ ಚಕ್ರವರ್ತಿಯನ್ನು ತಾವಾಗಿಯೇ ಕೇಳಿದರು.

ಕಾನ್‌ಸ್ಟಂಟೈನ್ ಮೊದಲು ಅದನ್ನು ಬಿಷಪ್ಪರ ಕೈಗೇ ಬಿಟ್ಟ. ಅದೇ ವರ್ಷದ ಅಕ್ಟೋಬರ್ 2ರಂದು ರೋಮಿನ ಬಿಷಪ್ ಮಿಲ್ಟಿಯಾಡೀಸ್‌ನ ಅಧ್ಯಕ್ಷತೆಯಲ್ಲಿ ವಿಚಾರಣೆ ನಡೆದು ಕೆಸಿಲಿಯಾನಸ್ ಗೆದ್ದ. ವಿರೋಧಿಗಳು ಒಪ್ಪಲಿಲ್ಲ. ಆಗ ಚಕ್ರವರ್ತಿ 314ರ ಆಗಸ್ಟ್‌ನಲ್ಲಿ ಗಾಲ್‌ನ ಆರ್ಲ್ ಪಟ್ಟಣದಲ್ಲಿ ದೊಡ್ಡ ಪರಿಷತ್ತನ್ನು ಕರೆದ. ಸಿಸಿಲಿಯ ಸಿರಕ್ಯೂಸಿನ ಬಿಷಪ್ ಕ್ರೆಸ್ಟಸ್‌ಗೆ ಹೋದ ಆಹ್ವಾನ ಪತ್ರ ಉಳಿದು ಬಂದಿದೆ: ಸಿಸಿಲಿಯ ಅಧಿಕಾರಿಯಿಂದ ಸರ್ಕಾರಿ ಗಾಡಿಯನ್ನು ಪಡೆದುಕೊಳ್ಳಿ, ನಿಮ್ಮ ಕೈಕೆಳಗಿನ ಇಬ್ಬರು ಪಾದ್ರಿಗಳನ್ನೂ ದಾರಿಯಲ್ಲಿ ಸೇವೆಗೆ ಮೂವರು ಆಳುಗಳನ್ನೂ ಕರೆದುಕೊಂಡು, ಗೊತ್ತುಪಡಿಸಿದ ದಿನಕ್ಕೆ ಬನ್ನಿ. ಸರ್ಕಾರಿ ಅಂಚೆಯ ಆ ಗಾಡಿಗಳೂ ದಾರಿಯುದ್ದಕ್ಕೂ ಬದಲಾಯಿಸುವ ಕುದುರೆಗಳೂ ಸರ್ಕಾರದ ಕೆಲಸಕ್ಕೆ ಮೀಸಲಾಗಿದ್ದವು. ಅಪ್ಪಣೆಪತ್ರವಿಲ್ಲದೆ ಯಾರೂ ಹತ್ತುವಂತಿರಲಿಲ್ಲ. ಹತ್ತು ವರ್ಷದ ಹಿಂದೆ ತಲೆಮರೆಸಿಕೊಂಡು ತಿರುಗಿದ್ದ ಜನ ಅದರಲ್ಲಿ ಕುಳಿತು ಪರಿಷತ್ತಿಗೆ ಹೊರಟಾಗ ಅವರ ಎದೆಯಲ್ಲಿ ಏನಿದ್ದಿರಬಹುದೆಂದು ನಾನು ಆಗಾಗ ಯೋಚಿಸುತ್ತೇನೆ. ಅವರನ್ನು ಹಳಿಯಲು ನನಗೆ ಮನಸ್ಸು ಬರುವುದಿಲ್ಲ.

ಆರ್ಲ್‌ನಲ್ಲೂ ಕೆಸಿಲಿಯಾನಸ್ ಗೆದ್ದ. ಮತ್ತೆ ಚಕ್ರವರ್ತಿಗೇ ಮೇಲ್ಮನವಿ ಹೋಯಿತು. ಅಷ್ಟರಲ್ಲಿ ಆಪ್ಟುಂಗಿಯ ಫೆಲಿಕ್ಸ್‌ನ ಮೇಲಿನ ಆರೋಪವನ್ನು ಸರ್ಕಾರಿ ನ್ಯಾಯಾಲಯವೇ ವಿಚಾರಿಸಿತು. ಆ ಊರಿನ ಹಿಂದಿನ ಆಡಳಿತಾಧಿಕಾರಿ ಬರೆದಿದ್ದ ಒಂದು ಪತ್ರದ ಕೊನೆಗೆ, ಫೆಲಿಕ್ಸ್ ಗ್ರಂಥಗಳನ್ನು ಒಪ್ಪಿಸಿದನೆಂದು ತೋರುವ ಸಾಲುಗಳನ್ನು ಇಂಜೆಂಟಿಯಸ್ ಎಂಬ ಬರಹಗಾರ ತಾನೇ ಸೇರಿಸಿದ್ದು ವಿಚಾರಣೆಯಲ್ಲಿ ಬಯಲಾಯಿತು. 316ರಲ್ಲಿ ಕಾನ್‌ಸ್ಟಂಟೈನ್ ಕೊನೆಯ ತೀರ್ಪನ್ನು ಕೆಸಿಲಿಯಾನಸ್‌ನ ಪರವಾಗಿ ಕೊಟ್ಟ. ಅದರ ಹಿಂದೆಯೇ ಸೈನಿಕರು ಡೊನಾಟಸ್ ಪಕ್ಷದವರ ಚರ್ಚುಗಳನ್ನು ಕಿತ್ತುಕೊಳ್ಳಲು ಬಂದರು, ಕೆಲವರು ಸತ್ತರು. ಕ್ರೈಸ್ತ ಅರಸನ ಆಜ್ಞೆಯಿಂದ ಕ್ರೈಸ್ತರು ಸತ್ತದ್ದು ಅದೇ ಮೊದಲು. 321ರಲ್ಲಿ ಅವನು ಕೈಚೆಲ್ಲಿ, ಅವರನ್ನು ದೇವರ ತೀರ್ಪಿಗೆ ಬಿಟ್ಟೆ ಎಂದ. ಕಿರ್ಟಾ ಊರಿಗೆ ಆಮೇಲೆ ಅವನದೇ ಹೆಸರು ಬಂತು, ಇಂದಿಗೂ ಅಲ್ಜೀರಿಯದಲ್ಲಿ ಅದೇ ಹೆಸರಿದೆ. ಅಲ್ಲಿ ಅವನು ಕಟ್ಟಿಸಿದ ಚರ್ಚನ್ನು ಡೊನಾಟಸ್ ಪಕ್ಷದವರು ಆಕ್ರಮಿಸಿಕೊಂಡಾಗ, 330ರಲ್ಲಿ ಅವನು ಸೈನ್ಯ ಕಳಿಸದೆ, ಕಳೆದುಕೊಂಡವರಿಗೆ ಇನ್ನೊಂದು ಚರ್ಚನ್ನು ತನ್ನ ಖರ್ಚಿನಲ್ಲಿ ಕಟ್ಟಿಸಿಕೊಡಲು ಒಪ್ಪಿದ. ಅವನ ಬಗ್ಗೆ ನಾನು ಮೆಚ್ಚುವ ಸಂಗತಿಗಳಲ್ಲಿ ಇದೂ ಒಂದು.

324ರಲ್ಲಿ ಲಿಸಿನಿಯಸ್‌ನನ್ನು ಸೋಲಿಸಿ ಇಡೀ ಸಾಮ್ರಾಜ್ಯಕ್ಕೆ ಒಡೆಯನಾದಾಗ, ಪೂರ್ವದಲ್ಲಿ ಇನ್ನೂ ದೊಡ್ಡ ಜಗಳ ಅವನಿಗಾಗಿ ಕಾದಿತ್ತು. ಮಗನು, ಅಂದರೆ ಕ್ರಿಸ್ತನು, ತಂದೆಯಾದ ದೇವರಿಂದ ಉಂಟಾದವನು, ಅವನಿಲ್ಲದ ಕಾಲವೊಂದಿತ್ತು ಎಂದು ಅಲೆಕ್ಸಾಂಡ್ರಿಯದ ಪಾದ್ರಿ ಆರಿಯಸ್ ಬೋಧಿಸುತ್ತಿದ್ದ. ಅವನ ಬಿಷಪ್ ಅಲೆಕ್ಸಾಂಡರ್ ಅವನನ್ನು ಸಭೆಯಿಂದ ಹೊರಹಾಕಿದ್ದ. ಚಕ್ರವರ್ತಿ ಮೊದಲು ಇಬ್ಬರಿಗೂ ಸೇರಿಸಿ ಒಂದು ಪತ್ರ ಬರೆದು, ಇಷ್ಟು ಸಣ್ಣ ವಿಷಯಕ್ಕೆ ಜಗಳವೇಕೆ, ಒಂದಾಗಿ ಎಂದು ಬುದ್ಧಿ ಹೇಳಿದ. ಪತ್ರವನ್ನು ಕೊಂಡೊಯ್ದವನು ಸ್ಪೇನಿನ ಕೊರ್ಡೋಬದ ಬಿಷಪ್ ಹೋಸಿಯಸ್. ಅದು ಸಣ್ಣ ವಿಷಯವಲ್ಲವೆಂದು ಅಲೆಕ್ಸಾಂಡ್ರಿಯಕ್ಕೆ ಹೋದ ಮೇಲೆ ಹೋಸಿಯಸ್‌ಗೆ ತಿಳಿದಿರಬೇಕು.

ಈ ಜಗಳ ತೀರಿಸಲು 325ರಲ್ಲಿ ಬಿಷಪ್ಪರ ಪರಿಷತ್ತು ಅಂಕಿರಾ ಪಟ್ಟಣದಲ್ಲಿ ಸೇರಬೇಕಾಗಿತ್ತು. ನೈಸಿಯಾದ ಹವೆ ಚೆನ್ನಾಗಿದೆ, ಪಶ್ಚಿಮದ ಬಿಷಪ್ಪರಿಗೆ ಅನುಕೂಲ, ತಾನೂ ಹತ್ತಿರದಿಂದ ನೋಡಬಹುದು ಎಂದು ಚಕ್ರವರ್ತಿ ಅದನ್ನು ಅಲ್ಲಿಗೆ ಬದಲಾಯಿಸಿದ. ಮತ್ತೆ ಸರ್ಕಾರಿ ಗಾಡಿಗಳು, ಹೇರುಪ್ರಾಣಿಗಳು ಬಿಷಪ್ಪರನ್ನು ಹೊತ್ತು ತಂದವು. ಬಂದವರು 318 ಎಂಬುದು ಸಂಪ್ರದಾಯದ ಲೆಕ್ಕ. ಅಲ್ಲೇ ಇದ್ದ ಕೈಸರೇಯದ ಯೂಸೆಬಿಯಸ್ 250ಕ್ಕಿಂತ ಹೆಚ್ಚು ಎಂದಿದ್ದಾನೆ. ಅರಮನೆಯ ಸಭಾಂಗಣದ ಎರಡೂ ಬದಿಗಳಲ್ಲಿ ಬಿಷಪ್ಪರು ಸಾಲಾಗಿ ಕುಳಿತಿದ್ದಾಗ ಕಾನ್‌ಸ್ಟಂಟೈನ್ ಕೆನ್ನೀಲಿ ಉಡುಪಿನಲ್ಲಿ, ಸಶಸ್ತ್ರ ಕಾವಲುಗಾರರಿಲ್ಲದೆ ಒಳಗೆ ಬಂದ. ಚಿನ್ನದ ಒಂದು ಸಣ್ಣ ಪೀಠ ಹಾಕಿತ್ತು. ಬಿಷಪ್ಪರು ಸನ್ನೆ ಮಾಡುವವರೆಗೂ ಅವನು ಕುಳಿತುಕೊಳ್ಳಲಿಲ್ಲ. ಲ್ಯಾಟಿನ್ನಿನಲ್ಲಿ ಭಾಷಣ ಮಾಡಿದ, ಇನ್ನೊಬ್ಬರು ಗ್ರೀಕಿಗೆ ಅನುವಾದಿಸಿದರು. ಚರ್ಚೆ ಕಾವೇರಿದಾಗ ತಾನೇ ಗ್ರೀಕಿನಲ್ಲಿ ಮಾತಾಡಿ ಎರಡೂ ಕಡೆಯವರನ್ನು ಸಮಾಧಾನಪಡಿಸಿದ. ಬಿಷಪ್ಪರು ಒಬ್ಬರ ಮೇಲೊಬ್ಬರು ಬರೆದುಕೊಟ್ಟ ದೂರುಗಳ ಕಟ್ಟನ್ನು ಅವನು ಓದದೆಯೇ ಸುಡಿಸಿದನೆಂಬ ಮಾತೂ ಉಳಿದಿದೆ.

ಯೂಸೆಬಿಯಸ್ ತನ್ನ ಊರಿನ ಸಭೆಗೆ ಬರೆದ ಪತ್ರವೊಂದು ನಮಗೆ ಆ ಸಭಾಂಗಣದ ಒಳಗಿನ ನೋಟವನ್ನು ಕೊಡುತ್ತದೆ. ತನ್ನ ಊರಿನಲ್ಲಿ ದೀಕ್ಷಾಸ್ನಾನದ ವೇಳೆ ಬಳಸುವ ವಿಶ್ವಾಸ ಪ್ರಮಾಣವನ್ನು ಅವನು ಓದಿದ. ಎಲ್ಲರಿಗಿಂತ ಮೊದಲು ಚಕ್ರವರ್ತಿಯೇ ಅದನ್ನು ಮೆಚ್ಚಿ, ಒಂದು ಪದವನ್ನು ಮಾತ್ರ ಸೇರಿಸಿ ಎಲ್ಲರೂ ಸಹಿ ಹಾಕಿ ಎಂದನಂತೆ. ಆ ಪದ ಹೋಮೊಊಸಿಯೋಸ್. ಮಗನು ತಂದೆಯೊಡನೆ ಒಂದೇ ತತ್ವದವನು ಎಂದು ಅರ್ಥ. ಪವಿತ್ರಗ್ರಂಥದಲ್ಲಿ ಎಲ್ಲಿಯೂ ಇಲ್ಲದ ಪದವೆಂದು ಹಲವರಿಗೆ ಅಳುಕಿತ್ತು. ಯೂಸೆಬಿಯಸ್‌ಗೂ ಇತ್ತು, ಆದ್ದರಿಂದಲೇ ತಾನು ಸಹಿ ಹಾಕಿದ್ದು ಏಕೆಂದು ಊರವರಿಗೆ ಅಷ್ಟು ಉದ್ದವಾಗಿ ವಿವರಿಸಬೇಕಾಯಿತು. ಪದವನ್ನು ಚಕ್ರವರ್ತಿಯ ಕಿವಿಯಲ್ಲಿ ಹೇಳಿದವನು ಹೋಸಿಯಸ್ ಇರಬಹುದೆಂಬ ಊಹೆ ನನಗೆ ಒಪ್ಪಿಗೆಯಾಗುತ್ತದೆ.

ಇಲ್ಲಿ ಒಂದು ಮಾತು. ಕ್ರಿಸ್ತನನ್ನು ದೇವರೆಂದು ಮತ ಹಾಕಿ ಮಾಡಿದ್ದು ಕಾನ್‌ಸ್ಟಂಟೈನ್, ಬೈಬಲ್ಲಿನ ಪುಸ್ತಕಗಳನ್ನು ಆರಿಸಿದ್ದೂ ಅವನೇ ಎಂಬ ಮಾತು ಈಗ ಹರಡಿದೆ. ನೈಸಿಯಾದಲ್ಲಿ ಬೈಬಲ್ಲಿನ ಪುಸ್ತಕಗಳ ಪಟ್ಟಿ ಮಾಡಲಿಲ್ಲ. ಪರಿಷತ್ತಿನ 20 ನಿಯಮಗಳಲ್ಲಿ ಅದರ ಸುಳಿವೇ ಇಲ್ಲ. ಇನ್ನು ಮೊದಲನೆಯದು: ನೈಸಿಯಾ ಇದ್ದ ಬಿಥೀನಿಯ ಪ್ರಾಂತ್ಯದ ಅಧಿಕಾರಿಯಾಗಿದ್ದ ಪ್ಲಿನಿ, ಈ ಪರಿಷತ್ತಿಗೆ ಇನ್ನೂರು ವರ್ಷ ಮೊದಲೇ, ಕ್ರೈಸ್ತರು ಬೆಳಗಿನ ಜಾವ ಕೂಡಿ ಕ್ರಿಸ್ತನಿಗೆ ದೇವರಿಗೆ ಹಾಡುವಂತೆ ಹಾಡುತ್ತಾರೆ ಎಂದು ಟ್ರಾಜನ್ ಚಕ್ರವರ್ತಿಗೆ ವರದಿ ಬರೆದಿದ್ದ. ಆರಾಧನೆ ಚಕ್ರವರ್ತಿಯಿಂದ ಬಂದದ್ದಲ್ಲ. ಅವನಿಂದ ಬಂದದ್ದು ಆ ನಂಬಿಕೆಯ ಮಾತಿಗೆ ಅಂಟಿಕೊಂಡ ಶಿಕ್ಷೆ. ಸಹಿ ಹಾಕಲು ಒಪ್ಪದ ಲಿಬಿಯದ ಇಬ್ಬರು ಬಿಷಪ್ಪರು, ಸೆಕುಂಡಸ್ ಮತ್ತು ಥಿಯೋನಾಸ್, ಆರಿಯಸ್‌ನೊಡನೆ ಗಡೀಪಾರಾದರು. ಅದುವರೆಗೆ ಸಭೆಯ ಕೈಯಲ್ಲಿದ್ದ ಅತಿ ದೊಡ್ಡ ಶಿಕ್ಷೆಯೆಂದರೆ ಪ್ರಭು ಭೋಜನದ ಪಂಕ್ತಿಯಿಂದ ಹೊರಗಿಡುವುದು. ತಪ್ಪು ಬೋಧನೆಗಾಗಿ ಊರನ್ನೇ ಬಿಡಿಸುವ ಶಕ್ತಿ ಅದಕ್ಕೆ ಇರಲಿಲ್ಲ.

ಕೆಲವು ವರ್ಷಗಳ ನಂತರ ಕಾನ್‌ಸ್ಟಂಟೈನ್ ಹೊರಡಿಸಿದ ಇನ್ನೊಂದು ಆಜ್ಞೆಯನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಆರಿಯಸ್ ಬರೆದದ್ದೆಲ್ಲವನ್ನೂ ಬೆಂಕಿಗೆ ಹಾಕಬೇಕು. ಯಾರಾದರೂ ಅವನ ಪುಸ್ತಕವನ್ನು ಬಚ್ಚಿಟ್ಟುಕೊಂಡದ್ದು ಕಂಡುಬಂದರೆ ಅವನಿಗೆ ಮರಣದಂಡನೆ. ಕಿರ್ಟಾದ ಬೀದಿಗಳಲ್ಲಿ ಮನೆಮನೆಗೆ ಹೋಗಿ ಪುಸ್ತಕ ಕೇಳಿದ ಮುನಾಟಿಯಸ್ ಫೆಲಿಕ್ಸ್ ನನಗೆ ಆಗ ನೆನಪಾದ. ವಾಚಕನ ಹೆಂಡತಿಯೂ ನೆನಪಾದಳು. ಆ ಆಜ್ಞೆಯ ಪ್ರಕಾರ ಯಾರನ್ನಾದರೂ ಕೊಂದರೋ ಇಲ್ಲವೋ ಎಂಬುದಕ್ಕಿಂತ, ಹಾಗೆ ಬರೆಯುವುದು ಆಗ ಸಾಧ್ಯವಾಯಿತೆಂಬುದೇ ನನ್ನನ್ನು ಹೆಚ್ಚು ಕಲಕುತ್ತದೆ. ಹಿಂಸೆಯನ್ನು ಮೈಮೇಲೆ ಉಂಡವರು ಇನ್ನೂ ಬದುಕಿದ್ದ ಕಾಲ ಅದು.

ಉಳಿದ ಕೊಡುಗೆಗಳನ್ನು ಬೇಗ ಹೇಳಿಬಿಡುತ್ತೇನೆ. 321ರಲ್ಲಿ ಭಾನುವಾರ ನ್ಯಾಯಾಲಯಗಳಿಗೂ ನಗರದ ಕಸುಬುಗಳಿಗೂ ರಜೆ ಎಂದ. ಆಜ್ಞೆಯಲ್ಲಿ ಆ ದಿನಕ್ಕೆ ಸೂರ್ಯನ ದಿನವೆಂದೇ ಹೆಸರು, ಮತ್ತು ಬಿತ್ತನೆಯ ಹದ ತಪ್ಪಬಾರದೆಂದು ರೈತರಿಗೆ ವಿನಾಯಿತಿ ಇತ್ತು. ಸಾಯುವವರು ಸಭೆಗೆ ಆಸ್ತಿ ಬರೆದಿಡಬಹುದು ಎಂದ; ಸಭೆ ಶ್ರೀಮಂತವಾದದ್ದಕ್ಕೆ ಈ ಒಂದು ಕಾನೂನು ದೊಡ್ಡ ಕಾರಣ. ವ್ಯಾಜ್ಯಗಳನ್ನು ಬಿಷಪ್ಪರ ಮುಂದೆ ತರಬಹುದು, ಚರ್ಚಿನಲ್ಲಿ ಬಿಷಪ್ಪರ ಎದುರು ಗುಲಾಮರನ್ನು ಬಿಡುಗಡೆ ಮಾಡಬಹುದು ಎಂದ. ಬಡವರಿಗೆ ಇವೆರಡರಿಂದ ಆದ ಉಪಕಾರವನ್ನು ನಾನು ಕಡಿಮೆಯೆಂದು ಎಣಿಸುವುದಿಲ್ಲ. ರೋಮಿನಲ್ಲಿ ಲ್ಯಾಟರನ್ ಚರ್ಚು, ಪೇತ್ರನ ಸಮಾಧಿಯ ಮೇಲಿನ ಚರ್ಚು, ಬೆತ್ಲೆಹೇಮಿನಲ್ಲಿ ಕ್ರಿಸ್ತನು ಹುಟ್ಟಿದ ಸ್ಥಳದ ಚರ್ಚು, ಜೆರುಸಲೇಮಿನಲ್ಲಿ 335ರಲ್ಲಿ ಪ್ರತಿಷ್ಠೆಯಾದ ಪವಿತ್ರ ಸಮಾಧಿಯ ಚರ್ಚು, ಇವೆಲ್ಲ ಅವನ ಕಾಲದ ಕಟ್ಟಡಗಳು. ಇವುಗಳ ಆಕಾರವನ್ನು ತಂದದ್ದು ದೇವಾಲಯಗಳಿಂದಲ್ಲ, ನ್ಯಾಯಾಧಿಕಾರಿಗಳು ಕೂರುತ್ತಿದ್ದ ಬೆಸಿಲಿಕ ಎಂಬ ಸಾರ್ವಜನಿಕ ಸಭಾಂಗಣಗಳಿಂದ. ನ್ಯಾಯಾಧಿಕಾರಿಯ ಪೀಠವಿರುತ್ತಿದ್ದ ಜಾಗಕ್ಕೆ ಬಿಷಪ್ಪರ ಪೀಠ ಬಂತು.

ನೈಸಿಯಾದಲ್ಲಿ ಗೆದ್ದ ಪಕ್ಷಕ್ಕೂ ಚಕ್ರವರ್ತಿಯ ಆಶ್ರಯ ಬಹುಕಾಲ ಉಳಿಯಲಿಲ್ಲ. ಆರಿಯಸ್‌ನನ್ನು ಅವನು ಮತ್ತೆ ಕರೆಸಿಕೊಂಡ. ಅಲೆಕ್ಸಾಂಡ್ರಿಯದ ಹೊಸ ಬಿಷಪ್ ಅಥನೇಸಿಯಸ್, ಆರಿಯಸ್‌ನನ್ನು ಸಭೆಗೆ ಸೇರಿಸಿಕೊಳ್ಳುವುದಿಲ್ಲವೆಂದು ಪಟ್ಟು ಹಿಡಿದ. 335ರಲ್ಲಿ ಟೈರ್ ಪಟ್ಟಣದ ಪರಿಷತ್ತು ತನ್ನನ್ನು ಪದಚ್ಯುತಗೊಳಿಸಿದಾಗ, ಅಥನೇಸಿಯಸ್ ನೇರವಾಗಿ ಕಾನ್‌ಸ್ಟಾಂಟಿನೋಪಲ್‌ಗೆ ಹೋಗಿ, ಕುದುರೆಯ ಮೇಲೆ ನಗರಕ್ಕೆ ಬರುತ್ತಿದ್ದ ಚಕ್ರವರ್ತಿಯನ್ನು ನಡುಬೀದಿಯಲ್ಲೇ ತಡೆದು ನ್ಯಾಯ ಕೇಳಿದ. ನೈಸಿಯಾದ ವಿಶ್ವಾಸವನ್ನು ಜೀವವಿರುವವರೆಗೂ ಕಾಪಾಡಿದ ಅವನಿಗೂ ನ್ಯಾಯ ಕೇಳಲು ತೋಚಿದ ಜಾಗ ಅದೇ. ಆದರೆ ಅವನ ವಿರೋಧಿಗಳು ಬಂದು, ಅಲೆಕ್ಸಾಂಡ್ರಿಯದಿಂದ ರಾಜಧಾನಿಗೆ ಬರುವ ಧಾನ್ಯದ ಹಡಗುಗಳನ್ನು ತಡೆಯುತ್ತೇನೆಂದು ಇವನು ಬೆದರಿಸಿದ್ದಾನೆ ಎಂದರು. ಸಿದ್ಧಾಂತದ ಮಾತು ಅಲ್ಲಿಗೇ ನಿಂತಿತು. ಅವನನ್ನು ಸಾಮ್ರಾಜ್ಯದ ಇನ್ನೊಂದು ತುದಿಯ ಟ್ರಿಯರ್‌ಗೆ ಗಡೀಪಾರು ಮಾಡಲಾಯಿತು.

337ರ ಮೇ 22ರಂದು, ಪೆಂಟೆಕೋಸ್ಟ್ ಹಬ್ಬದ ದಿನ, ನಿಕೋಮೀಡಿಯದ ಹೊರವಲಯದಲ್ಲಿ ಕಾನ್‌ಸ್ಟಂಟೈನ್ ತೀರಿಕೊಂಡ. ಸಾವು ಹತ್ತಿರವಾದಾಗಷ್ಟೇ ದೀಕ್ಷಾಸ್ನಾನ ಪಡೆದು, ಬಿಳಿ ಬಟ್ಟೆ ತೊಟ್ಟ ಮೇಲೆ ಕೆನ್ನೀಲಿ ವಸ್ತ್ರವನ್ನು ಮತ್ತೆ ಮುಟ್ಟಲಿಲ್ಲವಂತೆ. 326ರಲ್ಲಿ ಸ್ವಂತ ಮಗ ಕ್ರಿಸ್ಪಸ್‌ನನ್ನು ಕೊಲ್ಲಿಸಿದ್ದ ತಂದೆ ಆ ಬಿಳಿ ಬಟ್ಟೆಯಲ್ಲಿ ಏನು ಪ್ರಾರ್ಥಿಸಿದನೋ ದೇವರಿಗೇ ಗೊತ್ತು. ದೀಕ್ಷಾಸ್ನಾನ ಕೊಟ್ಟವನು ಆರಿಯಸ್‌ನ ಹಳೆಯ ಬೆಂಬಲಿಗ, ನಿಕೋಮೀಡಿಯದ ಬಿಷಪ್ ಯೂಸೆಬಿಯಸ್. ತನ್ನ ಸಮಾಧಿಯ ಜಾಗವನ್ನು ಚಕ್ರವರ್ತಿ ಮೊದಲೇ ಗೊತ್ತುಮಾಡಿಟ್ಟಿದ್ದ: ಕಾನ್‌ಸ್ಟಾಂಟಿನೋಪಲಿನ ಅಪೊಸ್ತಲರ ಚರ್ಚಿನಲ್ಲಿ ಹನ್ನೆರಡು ಅಪೊಸ್ತಲರ ಸ್ಮಾರಕಗಳು, ಒಂದೊಂದು ಬದಿಗೆ ಆರು, ನಡುವೆ ಅವನ ಶವಪೆಟ್ಟಿಗೆ.

ಹತ್ತು ವರ್ಷದ ನಂತರ ಅವನ ಮಗ ಕಾನ್‌ಸ್ಟಾನ್ಸ್ ಚಕ್ರವರ್ತಿಯ ದೂತರು ಬಡವರಿಗೆ ಹಂಚಲು ಹಣ ತಂದಾಗ, ಕಾರ್ಥೇಜಿನಲ್ಲಿ ಮುದುಕನಾಗಿದ್ದ ಡೊನಾಟಸ್, ಚಕ್ರವರ್ತಿಗೂ ಸಭೆಗೂ ಏನು ಸಂಬಂಧ ಎಂದು ಕೇಳಿದ. ಆ ಪ್ರಶ್ನೆ ಸರಿಯಾದದ್ದೇ. ಅದನ್ನು 313ರ ಏಪ್ರಿಲ್‌ನಲ್ಲಿ, ದೂರಿನ ಕಾಗದವನ್ನು ಅನುಲಿನಸ್‌ನ ಕೈಗೆ ಕೊಡುವ ಮೊದಲು ಅವನ ಪಕ್ಷದವರು ತಮ್ಮನ್ನು ತಾವು ಕೇಳಿಕೊಳ್ಳಬೇಕಾಗಿತ್ತು.

ಅದೇ ಪ್ರಶ್ನೆಯನ್ನು ಕೊನೆಗೆ ಹೋಸಿಯಸ್ ಕೂಡ ಕೇಳಿದ. ಕಾನ್‌ಸ್ಟಂಟೈನನ ಬಲಗೈಯಂತಿದ್ದ, ಅವನ ಪತ್ರವನ್ನು ಅಲೆಕ್ಸಾಂಡ್ರಿಯಕ್ಕೆ ಹೊತ್ತ, ನೈಸಿಯಾದಲ್ಲಿ ಎಲ್ಲರಿಗಿಂತ ಮೊದಲು ಸಹಿ ಹಾಕಿದ ಆ ಬಿಷಪ್ಪನಿಗೆ ಆಗ ನೂರರ ಹತ್ತಿರ ವಯಸ್ಸು. ಅಥನೇಸಿಯಸ್‌ನನ್ನು ಖಂಡಿಸಿ ಸಹಿ ಹಾಕಬೇಕೆಂದು ಕಾನ್‌ಸ್ಟಂಟೈನನ ಇನ್ನೊಬ್ಬ ಮಗ ಕಾನ್‌ಸ್ಟಾಂಟಿಯಸ್ ಒತ್ತಾಯಿಸಿದಾಗ ಅವನು ಪತ್ರ ಬರೆದ: ನಿನ್ನ ಅಜ್ಜ ಮ್ಯಾಕ್ಸಿಮಿಯನ್ನನ ಕಾಲದ ಹಿಂಸೆಯಲ್ಲೇ ನಾನು ನನ್ನ ನಂಬಿಕೆಯನ್ನು ಒಪ್ಪಿಕೊಂಡವನು, ಸಭೆಯ ವಿಷಯದಲ್ಲಿ ನೀನು ತಲೆಹಾಕಬೇಡ, ನಮಗೆ ಆಜ್ಞೆ ಕೊಡಬೇಡ, ದೇವರು ನಿನಗೆ ರಾಜ್ಯವನ್ನು ಕೊಟ್ಟಿದ್ದಾನೆ, ಸಭೆಯನ್ನು ನಮಗೆ ಒಪ್ಪಿಸಿದ್ದಾನೆ. ಚಕ್ರವರ್ತಿ ಅವನನ್ನು ಸಿರ್ಮಿಯಂಗೆ ಕರೆಸಿ ಒಂದು ವರ್ಷ ಅಲ್ಲೇ ಇರಿಸಿಕೊಂಡ. 357ರಲ್ಲಿ, ನೈಸಿಯಾದ ಪ್ರಮಾಣದಲ್ಲಿದ್ದ ತತ್ವ ಎಂಬ ಪದವನ್ನೇ ಯಾರೂ ಎತ್ತಬಾರದು ಎಂದು ಬರೆದಿದ್ದ ಒಂದು ಹೇಳಿಕೆಯನ್ನು ಅವನ ಮುಂದಿಟ್ಟರು. ಅಥನೇಸಿಯಸ್‌ನನ್ನು ಖಂಡಿಸಲು ಅವನು ಆಗಲೂ ಒಪ್ಪಲಿಲ್ಲ. ಆದರೆ ಆ ಹೇಳಿಕೆಗೆ ಸಹಿ ಹಾಕಿಕೊಟ್ಟ.